ವೆರೋನಾದ ಹೆಗ್ಗಹಿ

ಇಟಲಿಯ ಈಶಾನ್ಯದಲ್ಲಿ ವೆರೋನಾ ನಗರವಿದೆ. ಅದರ ಮಗ್ಗುಲಲ್ಲೇ ವಾಲ್ಪೊಲಿಚೆಲ್ಲಾ ಎಂಬ ಗುಡ್ಡಸೀಮೆ. ಅಲ್ಲಿಯ ಕೆಂಪು ದ್ರಾಕ್ಷಾಮದ್ಯವೊಂದಕ್ಕೆ 'ಅಮರೋನೆ' ಎಂದು ಹೆಸರು. 'ಅಮಾರೊ' ಎಂದರೆ ಕಹಿ. ಕೊನೆಯದು ಹಿರಿಮೆಯನ್ನು ಸೂಚಿಸುವ ಪ್ರತ್ಯಯ. ಹೆಮ್ಮರ, ಹೆದ್ದಾರಿ, ಹೆಬ್ಬಾಗಿಲು ಎನ್ನುವ ನಾವು ಇದನ್ನು 'ಹೆಗ್ಗಹಿ' ಎನ್ನಬಹುದು. ಕನ್ನಡ ಪಾಠ ಹೇಳುವ ನನ್ನನ್ನು ಇದರತ್ತ ಸೆಳೆದುದು ಬಾಯಿಚಪಲವಲ್ಲ, ಈ ಹೆಸರು. ತನ್ನ ಸರಕು ಕಹಿಯೆಂದು ತಾನೇ ಸಾರುವ ವರ್ತಕನುಂಟೆ?

ಮೂಲದಲ್ಲಿ ಅದು ಕಹಿಯಾಗಿರಲಿಲ್ಲ. 530ರ ದಶಕದಲ್ಲಿ ಇಟಲಿಯನ್ನಾಳುತ್ತಿದ್ದ ಗಾಥ್ ಅರಸರ ಮಂತ್ರಿ ಕ್ಯಾಸಿಯೊಡೋರಸ್, ಅರಮನೆಯ ಪಂಕ್ತಿಗಾಗಿ ವೆರೋನಾ ಸೀಮೆಯ ಮದ್ಯವನ್ನು ಕೊಂಡು ಕಳುಹಿಸುವಂತೆ ಅಧಿಕಾರಿಯೊಬ್ಬನಿಗೆ ಪತ್ರ ಬರೆದನು. ಶರತ್ಕಾಲದಲ್ಲಿ ಕೊಯ್ದ ಗೊಂಚಲುಗಳನ್ನು ಮನೆಯೊಳಗೆ ತೂಗುಹಾಕಿ ಬಾಡಿಸಿ, ಚಳಿಗಾಲದಲ್ಲಿ ಹಿಂಡುವ ಕ್ರಮ ಅದರಲ್ಲಿ ವರ್ಣಿತವಾಗಿದೆ. ರಸ ಗಟ್ಟಿ, ರುಚಿ ಸಿಹಿ. ಅರಮನೆಯ ಉಗ್ರಾಣದ ಬೇಡಿಕೆಯೊಂದು ಹೀಗೆ ರೈತರ ಕೈಕೆಲಸವನ್ನು ನಮಗಾಗಿ ಉಳಿಸಿಕೊಟ್ಟಿದೆ.

ಆ ಕ್ರಮ ಇಂದಿಗೂ ಅಳಿದಿಲ್ಲ. ಕೊರ್ವೀನಾ ಮೊದಲಾದ ಹಣ್ಣುಗಳನ್ನು ಗಾಳಿಯಾಡುವ ಅಟ್ಟದಲ್ಲಿ ಮೂರು ತಿಂಗಳಿಗೂ ಮಿಕ್ಕಿ ಒಣಗಿಸುತ್ತಾರೆ. ತೂಕದಲ್ಲಿ ಸುಮಾರು ಮೂರರಲ್ಲೊಂದು ಪಾಲು ಇಳಿಯುತ್ತದೆ. ಹುದುಗು ನಡುವೆ ನಿಂತರೆ ಸಕ್ಕರೆ ಉಳಿದು 'ರೆಚೋತೊ' ಎಂಬ ಸಿಹಿಮದ್ಯವಾಗುತ್ತದೆ. ನಿಲ್ಲದೆ ಸಾಗಿದರೆ ಸಕ್ಕರೆಯೆಲ್ಲ ಮದ್ಯಸಾರವಾಗಿ ಸಿಹಿ ಮಾಯವಾಗುತ್ತದೆ. ಹಳೆಯ ಒಕ್ಕಲಿಗನಿಗೆ ಅದು ನಷ್ಟ. 'ಓಡಿಹೋದ ರೆಚೋತೊ' ಎಂದೇ ಅದನ್ನು ಕರೆಯುತ್ತಿದ್ದರು.

1936ರಲ್ಲಿ ಸಹಕಾರಿ ನೆಲಮಾಳಿಗೆಯೊಂದರಲ್ಲಿ ಮರೆತುಹೋಗಿದ್ದ ಪೀಪಾಯಿಯ ರುಚಿ ನೋಡಿದವನು, ಇದು ಕಹಿಯಲ್ಲ, ಹೆಗ್ಗಹಿ ಎಂದು ಉದ್ಗರಿಸಿದನಂತೆ. ಈ 'ಅಂತೆ'ಯ ಮೇಲೆ ನಾನು ಭಾರ ಹಾಕಲಾರೆ. ಪೀಪಾಯಿಗಳು ಅದಕ್ಕೆ ಮುಂಚೆಯೂ ಎಷ್ಟೋ ಸಲ ಕೈತಪ್ಪಿರಬೇಕು. ಹೊಸದಾಗಿ ಸಂಭವಿಸಿದುದು ಮದ್ಯದ ಮಾರ್ಪಾಟಲ್ಲ, ನಾಲಗೆಯ ತೀರ್ಪಿನ ಮಾರ್ಪಾಟು. ಮನ್ನಣೆಯಾದರೂ ಮೆಲ್ಲಗೆ ಬಂದಿತು: 1968ರ ಸರ್ಕಾರಿ ನಿಯಮದಲ್ಲಿ ಅದರ ಹೆಸರು ರೆಚೋತೊವಿನ ಬಾಲದಂತಿತ್ತು, 2010ರಲ್ಲಿ ಸ್ವಂತ ಹೆಸರಿನಲ್ಲೇ ಅತ್ಯುನ್ನತ ದರ್ಜೆ ದೊರೆಯಿತು. ಈಗ ಸಿಹಿಗಿಂತ ಕಹಿಯದೇ ಹೆಚ್ಚಿನ ತಯಾರಿಕೆ.

ಇದರಲ್ಲಿ ಮದ್ಯಸಾರ ನೂರಕ್ಕೆ 14 ಭಾಗಕ್ಕೆ ಕಡಮೆಯಿರಕೂಡದು. ಒಗರೂ ಉಂಟು, ಮೆದುವಾದ ಊಟ ಇದರೆದುರು ಸಪ್ಪೆಯಾಗುತ್ತದೆ. ಕೊಬ್ಬಿದ ಮಾಂಸ, ಹಳೆಯ ಗಿಣ್ಣುಗಳಲ್ಲಿರುವ ಪ್ರೋಟೀನು ಆ ಒಗರನ್ನು ತನ್ನೊಳಗೆ ಹಿಡಿದುಕೊಂಡು ನಾಲಗೆಗೆ ಹಿತ ಮಾಡುತ್ತದೆ. ಅಕ್ಕಿಯನ್ನೂ ಅದರಲ್ಲೇ ಬೇಯಿಸಿ 'ರಿಜೊತ್ತೊ' ಮಾಡುತ್ತಾರೆ. ಅನ್ನ ನೇರಳೆಬಣ್ಣಕ್ಕೆ ತಿರುಗುತ್ತದೆ.

ವೆರೋನಾದ ಇನ್ನೊಂದು ಭಕ್ಷ್ಯ ಕುದುರೆಮಾಂಸದ 'ಪಸ್ತಿಸಾದಾ'. 489ರಲ್ಲಿ ಗಾಥ್ ದೊರೆ ಥಿಯೊಡೊರಿಕನು ಓಡೊಯೇಸರನನ್ನು ಅಲ್ಲಿ ಸೋಲಿಸಿದನು. ರಣದಲ್ಲಿ ಬಿದ್ದ ಕುದುರೆಗಳ ಮಾಂಸವನ್ನು ಹಸಿದ ಜನರು ಮದ್ಯ, ಈರುಳ್ಳಿ, ಸಂಬಾರಗಳಲ್ಲಿ ನೆನೆಹಾಕಿ ತಿಂದರೆಂದು ಐತಿಹ್ಯ. ಯುದ್ಧ ದಿಟ, ಅಡುಗೆ ಕೇವಲ ಹೇಳಿಕೆ.

ಆದರೂ ಆ ಊರು ತನ್ನ ತಟ್ಟೆಯ ಬಗೆಗೂ ಬಟ್ಟಲಿನ ಬಗೆಗೂ ಒಂದೇ ಬಗೆಯ ಕಥೆ ಹೇಳಿಕೊಂಡಿರುವುದನ್ನು ಗಮನಿಸಬೇಕು. ಅರಸರು ಬಯಸಿದ ಸಿಹಿ ಹಿಂದೆ ಸರಿದಿದೆ. ಒಕ್ಕಲಿಗನು ಕೆಟ್ಟಿತೆಂದು ಬಗೆದ ಪೀಪಾಯಿಯಿಂದಲೇ ಇಂದು ಆ ಸೀಮೆಗೆ ಹೆಸರು.