ಕಲಬುರಗಿಯ ನಾಣ್ಯ, ಕೈರೋದ ಅಪ್ಪಣೆ

ಯಡ್ರಾಮಿಯ ಸೀಮೆಯಲ್ಲಿ ಹಳೆಯ ಪೆಟ್ಟಿಗೆ ತೆರೆದರೆ, ಚಾರಮಿನಾರದ ಚಿತ್ರವುಳ್ಳ ನಿಜಾಮರ ಹಾಲಿ ಸಿಕ್ಕಾ ರೂಪಾಯಿ ಇಂದಿಗೂ ಕೈಗೆ ಬರುವುದುಂಟು. ಅದಕ್ಕೂ ಐದು ಶತಮಾನ ಮೊದಲು ಇದೇ ನೆಲದಲ್ಲಿ ಚಲಾವಣೆಯಲ್ಲಿದ್ದ ಬಹಮನಿ ಟಂಕವನ್ನು ಅರಿಯಬೇಕಾದರೆ ಮಾತ್ರ ದೂರದ ಈಜಿಪ್ಟನ್ನು ನೆನೆಯಬೇಕಾಗುತ್ತದೆ.

1258ರಲ್ಲಿ ಮಂಗೋಲರು ಬಾಗ್ದಾದನ್ನು ಹಾಳುಗೆಡವಿದ ಮೇಲೆ ಅಬ್ಬಾಸಿ ಖಲೀಫರ ವಂಶಕ್ಕೆ ಕೈರೋ ನಗರ ಆಶ್ರಯವಾಯಿತು. ಸೈನ್ಯ, ಬೊಕ್ಕಸಗಳೆರಡೂ ಮಾಮಲೂಕ ಸುಲ್ತಾನರ ಕೈಯಲ್ಲಿ; ಖಲೀಫರಿಗೆ ಉಳಿದದ್ದು ಹೆಸರೊಂದೇ. ಆದರೆ ಆ ಹೆಸರಿಗೇ ಬೆಲೆಯಿತ್ತು. 1347ರಲ್ಲಿ ದೆಹಲಿಯಿಂದ ಸಿಡಿದು ನಿಂತ ಕಲಬುರಗಿಯ ರಾಜ್ಯಕ್ಕೆ, ತನ್ನದು ಬಂಡಾಯವಲ್ಲ, ನ್ಯಾಯವಾದ ಅರಸೊತ್ತಿಗೆ ಎಂದು ತೋರಿಸಬೇಕಾಗಿತ್ತು. ಒಂದನೆಯ ಮಹಮದ್ ಷಹನ ತಾಯಿ ಮೆಕ್ಕಾ ಯಾತ್ರೆ ಕೈಗೊಂಡಾಗ, ನಾಣ್ಯ ಅಚ್ಚುಹಾಕಿಸಲು ಈ ಖಲೀಫರ ಅಪ್ಪಣೆ ದೊರಕಿಸಿದಳೆಂದು ಫೆರಿಷ್ತಾ ಬರೆದಿದ್ದಾನೆ.

ಅಪ್ಪಣೆಯೇನೋ ಬಂತು, ಹೊನ್ನ ನಾಣ್ಯ ನಿಲ್ಲಲಿಲ್ಲ. ವಿಜಯನಗರ, ವಾರಂಗಲ್ಲುಗಳ ಅರಸರ ಪ್ರೇರಣೆಯಿಂದ ಸರಾಫರು ಅದನ್ನು ಕರಗಿಸತೊಡಗಿದರು. 1360ರಲ್ಲಿ ಸುಲ್ತಾನನು ಅವರನ್ನೆಲ್ಲ ಕೊಲ್ಲಿಸಿದನು. ಇದೂ ಫೆರಿಷ್ತಾನ ಮಾತೇ. ಎರಡೂವರೆ ಶತಮಾನಗಳ ತರುವಾಯ ಬಿಜಾಪುರದ ಆಸ್ಥಾನದಲ್ಲಿ ಕುಳಿತು ಬರೆದವನು ಹೇಳುವ ಕಾರಣವನ್ನು ಹಾಗೆಯೇ ಒಪ್ಪಲು ನನಗೆ ಮನಸ್ಸಿಲ್ಲ. ನಾಣ್ಯದೊಳಗಿನ ಚಿನ್ನವು ಅದರ ಚಲಾವಣೆಯ ಬೆಲೆಯನ್ನು ಮೀರಿದರೆ ಯಾವ ಸರಾಫನಾದರೂ ಮೂಸೆಗೆ ಹಾಕಿಯಾನು. ಅದಕ್ಕೆ ಪರರಾಜರ ಪ್ರೇರಣೆ ಏತಕ್ಕೆ? ತಲೆ ಹೋದದ್ದಂತೂ ಸರಾಫರದು. ಬಹಮನಿಗಳ ಬೆಳ್ಳಿ, ತಾಮ್ರದ ನಾಣ್ಯಗಳು ಸಂಗ್ರಹಕಾರರಿಗೆ ಈಗಲೂ ಸಿಗುತ್ತವೆ, ಚಿನ್ನದವು ವಿರಳ.

ನಿಮ್ಮ ಮನೆಯಲ್ಲಿ ಅಂಥ ಬೆಳ್ಳಿಯ ಟಂಕವಿದ್ದರೆ ಹುಣಿಸೆಹಣ್ಣು ಹಚ್ಚಿ ತಿಕ್ಕಬೇಡಿ. ಪಾರಸಿ ಲಿಪಿ ಬಲ್ಲವರಿಂದ ಓದಿಸಿ ನೋಡಿ: ಅಹಸನಾಬಾದ್ ಎಂದಿದ್ದರೆ, ಅದು ಕಲಬುರಗಿಯ ಟಂಕಸಾಲೆಯಲ್ಲಿ ಅಚ್ಚಾದದ್ದು.