ಅರಸೊತ್ತಿಗೆಯ ಲೆಕ್ಕ : ಮೈಸೂರಿನ ನಿದರ್ಶನ

ದೇಶಕ್ಕೆ ಅರಸನೊಬ್ಬನಿರಬೇಕೆ, ಇದ್ದರೆ ಅವನಿಗಾಗಿ ಪ್ರಜೆಗಳು ತೆರುವ ಬೆಲೆ ಎಷ್ಟು ಎಂಬುದು ರಾಜ್ಯಶಾಸ್ತ್ರದ ಹಳೆಯ ಪ್ರಶ್ನೆ. ಪ್ರಪಂಚದ ಕೆಲವು ದೇಶಗಳಲ್ಲಿ ಅದು ಇಂದಿಗೂ ಚರ್ಚೆಯಲ್ಲಿದೆ. ನಮ್ಮಲ್ಲಿ ೧೯೭೧ರಲ್ಲಿಯೇ ಅದು ಇತ್ಯರ್ಥವಾಯಿತು. ಇತ್ಯರ್ಥವಾದ ವ್ಯಾಜ್ಯದ ಕಡತವನ್ನು ಮತ್ತೆ ಬಿಚ್ಚುವುದೇಕೆಂದು ವಾಚಕರು ಕೇಳಬಹುದು. ತೀರ್ಪು ನೆನಪಿನಲ್ಲಿದ್ದು ಅದರ ಕಾರಣಗಳು ಮರೆತುಹೋದರೆ ಆ ತೀರ್ಪು ಬಹುಕಾಲ ಬಾಳಲಾರದು ಎಂಬುದೇ ಇದಕ್ಕೆ ಉತ್ತರ.

ಈ ವಿಚಾರಕ್ಕೆ ಮೈಸೂರಿನಷ್ಟು ಸ್ಪಷ್ಟವಾದ ನಿದರ್ಶನ ಬೇರೆ ದೊರೆಯುವುದು ಕಷ್ಟ. ೧೭೯೯ರಿಂದ ೧೯೭೧ರವರೆಗೆ ಒಂದೇ ನಾಡು ಒಂದೇ ರಾಜಮನೆತನವನ್ನು ನಾಲ್ಕು ಬಗೆಯಲ್ಲಿ ಕಂಡಿತು: ಲೆಕ್ಕ ಕೊಡದ ಅರಸು, ಅಧಿಕಾರವಿಲ್ಲದ ಅರಸು, ಲೆಕ್ಕಕ್ಕೆ ಒಳಪಟ್ಟ ಅರಸು, ವರ್ಷಾಶನವನ್ನು ಮಾತ್ರ ಪಡೆಯುವ ಅರಸು.

ಶರಣಸಾಹಿತ್ಯದ ಅಭ್ಯಾಸಿಗಳಿಗೆ ಈ ಪ್ರಶ್ನೆ ಹೊಸದಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ರಾಜಭಂಡಾರವನ್ನು ಜಂಗಮರಿಗೆ ವ್ಯಯಮಾಡುತ್ತಿದ್ದಾರೆಂದು ಕೊಂಡೆಯರು ದೂರಿತ್ತರೆಂದೂ, ಎಣಿಸಿ ನೋಡಿದಾಗ ಭಂಡಾರ ಸರಿಯಾಗಿಯೇ ಇತ್ತೆಂದೂ ಪುರಾಣಪರಂಪರೆ ಹೇಳುತ್ತದೆ. ಪವಾಡದ ಅಂಶವನ್ನು ಭಕ್ತರು ಭಕ್ತಿಯಿಂದ ಗ್ರಹಿಸಲಿ. ಚರಿತ್ರೆಯ ವಿದ್ಯಾರ್ಥಿ ಗಮನಿಸಬೇಕಾದ ಅಂಶ ಇನ್ನೊಂದಿದೆ. ಅಲ್ಲಿ ಲೆಕ್ಕ ಕೇಳಿದವನು ಅರಸ, ಲೆಕ್ಕ ಒಪ್ಪಿಸಿದವರು ಭಂಡಾರಿ. ಅರಸನನ್ನೇ ಲೆಕ್ಕ ಕೇಳುವವರು ಆ ಕಥೆಯಲ್ಲಿ ಯಾರೂ ಇಲ್ಲ. ಆ ಕೇಳುವವರು ಹುಟ್ಟಿಕೊಂಡ ಬಗೆಯೇ ಮುಂದಿನ ಚರಿತ್ರೆ.

೧೭೯೯ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯು ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಎಳೆಯ ವಯಸ್ಸಿನಲ್ಲಿಯೇ ಪಟ್ಟದಲ್ಲಿ ಕೂರಿಸಿತು. ಆ ಪಟ್ಟಕ್ಕೆ ಬೆಲೆ ಇತ್ತು. ಒಪ್ಪಂದದಂತೆ ವರ್ಷಕ್ಕೆ ೭ ಲಕ್ಷ ವರಹ, ಅಂದರೆ ೨೪.೫ ಲಕ್ಷ ರೂಪಾಯಿ, ಕಂಪನಿಗೆ ಪೊಗದಿಯಾಗಿ ಸಲ್ಲಬೇಕಾಗಿತ್ತು. ಅರಸೊತ್ತಿಗೆಯ ವೆಚ್ಚವನ್ನು ಎಣಿಸುವವರು ಅರಮನೆಯ ದೀಪ, ಆನೆ, ಅಂಬಾರಿಗಳನ್ನು ಮಾತ್ರ ಎಣಿಸುತ್ತಾರೆ. ಸಿಂಹಾಸನವು ಯಾರ ನೆರಳಿನಲ್ಲಿ ನಿಂತಿದೆಯೋ ಅವರಿಗೆ ಸಲ್ಲುವ ಕಪ್ಪವನ್ನು ಮರೆಯುತ್ತಾರೆ.

ದಿವಾನ ಪೂರ್ಣಯ್ಯನವರ ಆಡಳಿತ ಮುಗಿದು ೧೮೧೧ರ ವೇಳೆಗೆ ಅರಸರೇ ರಾಜ್ಯಸೂತ್ರವನ್ನು ಹಿಡಿದರು. ಮುಮ್ಮಡಿಯವರ ಸಾಹಿತ್ಯಪೋಷಣೆ, ಕಲಾಭಿಮಾನ, ದಾನಗುಣಗಳನ್ನು ಕನ್ನಡಿಗರು ಕೃತಜ್ಞತೆಯಿಂದ ಸ್ಮರಿಸುತ್ತಾರೆ. ಅದು ಉಚಿತವೂ ಹೌದು. ಆದರೆ ಕೊಡುವ ಕೈಗೆ ಧನ ಬರುತ್ತಿದ್ದುದು ರೈತನ ಕಣಜದಿಂದ. ಶರ್ತಿ ಎಂಬ ಪದ್ಧತಿಯಂತೆ ಅಮಲ್ದಾರನು ಇಷ್ಟು ಹಣವನ್ನು ವಸೂಲುಮಾಡಿ ಕೊಡುವೆನೆಂದು ಸರ್ಕಾರಕ್ಕೆ ಮೊದಲೇ ಒಪ್ಪಿಕೊಳ್ಳುತ್ತಿದ್ದನು. ಅದನ್ನು ಹೇಗೆ ವಸೂಲುಮಾಡಿದನೆಂದು ಕೇಳುವವರಿರಲಿಲ್ಲ.

೧೮೩೦ರಲ್ಲಿ ನಗರ ಸೀಮೆಯ ರೈತರು ಕೂಟಗಳಾಗಿ ಸೇರಿ ಕಂದಾಯ ಕೊಡಲು ನಿರಾಕರಿಸಿದರು. ಅದು ಹಿಂದೆ ವೀರಶೈವರಾದ ಕೆಳದಿಯ ಅರಸರು ಆಳಿದ ನಾಡು. ಶಿವಪ್ಪನಾಯಕನ ಶಿಸ್ತು ಇಂದಿಗೂ ಗಾದೆಯಾಗಿದೆ. ಭೂಮಿಯ ಗುಣವನ್ನು ನೋಡಿ ನಿಗದಿಮಾಡಿದ ಕಂದಾಯದ ನೆನಪುಳ್ಳ ನಾಡಿಗೆ ಶರ್ತಿಯ ಅನಿಶ್ಚಯ ಅಸಹನೀಯವಾದುದು ಸಹಜ. ಕೆಳದಿ ರಾಜ್ಯವು ೧೭೬೩ರಲ್ಲಿ ಹೈದರಾಲಿಗೆ ವಶವಾಗಿ ಅರುವತ್ತೇಳು ವರ್ಷಗಳು ಕಳೆದಿದ್ದರೂ, ತಾನು ಆ ವಂಶದವನೆಂದು ಹೇಳಿಕೊಂಡ ಬೂದಿ ಬಸವಪ್ಪನನ್ನು ದಂಗೆಯವರು ತಮ್ಮ ಅರಸನೆಂದು ಸ್ವೀಕರಿಸಿದರು. ಇದು ವಿಚಾರಾರ್ಹ. ಅರಸನೊಬ್ಬನಿಂದ ನೊಂದ ಪ್ರಜೆಗಳು ಬೇಡಿದ ಪರಿಹಾರ ಇನ್ನೊಬ್ಬ ಅರಸ! ಆಳುವವನನ್ನು ಬದಲಾಯಿಸುವುದು ಅವರಿಗೆ ಹೊಳೆಯಿತು. ಲೆಕ್ಕದ ಪುಸ್ತಕವನ್ನು ತಾವೇ ಹಿಡಿಯಬಹುದೆಂಬುದು ಹೊಳೆಯಲಿಲ್ಲ. ಅಂದಿನ ಲೋಕದಲ್ಲಿ ಅದಕ್ಕೆ ಮಾದರಿಯೂ ಅವರ ಮುಂದಿರಲಿಲ್ಲ.

ಫಲವನ್ನು ಉಂಡವರು ಮೂರನೆಯವರು. ೧೮೩೧ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನು ಕೈಗೆ ತೆಗೆದುಕೊಂಡನು. ಅರಸರಿಗೆ ವರ್ಷಕ್ಕೆ ೧ ಲಕ್ಷ ವರಹ ಹಾಗೂ ನಿವ್ವಳ ಆದಾಯದ ಐದನೆಯ ಒಂದು ಭಾಗ ಉಳಿಯಿತು. ಮುಂದಿನ ಐವತ್ತು ವರ್ಷ ಮೈಸೂರಿನಲ್ಲಿ ಅರಮನೆ ಇತ್ತು, ಅರಸನ ಆಳ್ವಿಕೆ ಇರಲಿಲ್ಲ. ಕಮಿಷನರ್ ಕಬ್ಬನ್ ೧೮೩೪ರಿಂದ ೧೮೬೧ರವರೆಗೆ ಆಳಿ ನೂರಾರು ಚಿಲ್ಲರೆ ತೆರಿಗೆಗಳನ್ನು ರದ್ದುಗೊಳಿಸಿದನು. ಅರಸನಿಲ್ಲದೆ ನಾಡು ನಡೆಯದು ಎಂಬ ಮಾತು ಸುಳ್ಳಾಯಿತು.

ಆದರೆ ಅರಸನಿಲ್ಲದಿದ್ದ ಮಾತ್ರಕ್ಕೆ ಪ್ರಜೆ ಸುಖಿಯಾಗಲಿಲ್ಲ. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮ ಬಂದುದು ಈ ಕಮಿಷನರುಗಳ ಆಳ್ವಿಕೆಯಲ್ಲಿಯೇ. ೧೮೭೧ರ ಜನಗಣತಿಯಲ್ಲಿ ೫೦,೫೫,೪೧೨ ಇದ್ದ ಜನಸಂಖ್ಯೆ ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿಯಿತು. ಈ ಎರಡು ಅಂಕಿಗಳ ಅಂತರದಲ್ಲಿ ಎಷ್ಟು ಮನೆಗಳ ದೀಪ ನಂದಿತೆಂಬುದನ್ನು ಯಾವ ವರದಿಯೂ ಹೇಳಲಾರದು. ಕಮಿಷನರನೂ ಪ್ರಜೆಗಳಿಗೆ ಉತ್ತರ ಹೇಳಬೇಕಾದವನಾಗಿರಲಿಲ್ಲ. ಅವನ ಲೆಕ್ಕ ಕಲ್ಕತ್ತೆಗೆ, ಅಲ್ಲಿಂದ ಲಂಡನ್ನಿಗೆ ಹೋಗುತ್ತಿತ್ತು.

೧೮೮೧ರ ಮಾರ್ಚ್ ೨೫ರಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿತು. ಅರಮನೆಯ ವೆಚ್ಚ ರಾಜ್ಯದ ವೆಚ್ಚದಿಂದ ಬೇರೆಯಾಯಿತು. ಅದೇ ವರ್ಷ ಅಕ್ಟೋಬರ್ ೭ರಂದು ದಿವಾನ ರಂಗಾಚಾರ್ಲು ೧೪೪ ಪ್ರತಿನಿಧಿಗಳ ಪ್ರಜಾಪ್ರತಿನಿಧಿ ಸಭೆಯ ಮುಂದೆ ರಾಜ್ಯದ ಸ್ಥಿತಿಗತಿಯನ್ನು ನಿವೇದಿಸಿದರು. ಸಭೆಗೆ ಕೇಳುವ ಅವಕಾಶವಿತ್ತು, ತಡೆಯುವ ಅಧಿಕಾರವಿರಲಿಲ್ಲ. ಆದರೂ ಆಳುವವರು ಆಳಿಸಿಕೊಳ್ಳುವವರ ಮುಂದೆ ನಿಂತು ಆಯವ್ಯಯವನ್ನು ಓದಿದ್ದು ಸಾಮಾನ್ಯ ಸಂಗತಿಯಲ್ಲ.

ಇದರ ಪರಿಣಾಮವನ್ನು ಒಂದು ಚಿಕ್ಕ ಉದಾಹರಣೆಯಿಂದ ತಿಳಿಯಬಹುದು. ೧೮೯೭ರಲ್ಲಿ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು. ೧೯೧೨ರಲ್ಲಿ ಮುಗಿದ ಹೊಸ ಅರಮನೆಗೆ ತಗುಲಿದ ವೆಚ್ಚ ೪೧,೪೭,೯೧೩ ರೂಪಾಯಿ. ಕೊನೆಯ ಹದಿಮೂರು ರೂಪಾಯಿಯೂ ಲೆಕ್ಕಕ್ಕೆ ಸಿಕ್ಕಿದೆ! ಇದನ್ನು ದುಂದೆನ್ನುವವರು ಇನ್ನೊಂದು ಅಂಕಿಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಆ ವೇಳೆಗೆ ಬ್ರಿಟಿಷರಿಗೆ ಸಲ್ಲುತ್ತಿದ್ದ ಪೊಗದಿ ವರ್ಷಕ್ಕೆ ೩೫ ಲಕ್ಷಕ್ಕೆ ಏರಿತ್ತು. ಹದಿನೈದು ವರ್ಷ ಕಟ್ಟಿದ ಅರಮನೆಯ ವೆಚ್ಚವು ಹದಿನೈದು ತಿಂಗಳ ಪೊಗದಿಗಿಂತ ಕಡಿಮೆ.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶಿವನಸಮುದ್ರದ ವಿದ್ಯುತ್ತು, ಕನ್ನಂಬಾಡಿಯ ಕಟ್ಟೆ, ೧೯೧೬ರ ವಿಶ್ವವಿದ್ಯಾನಿಲಯಗಳು ನಾಡಿಗೆ ದೊರೆತವು. ಅರಸೊತ್ತಿಗೆಯ ಪಕ್ಷದಲ್ಲಿ ಇದಕ್ಕಿಂತ ಬಲವಾದ ಸಾಕ್ಷ್ಯವಿಲ್ಲ. ಆದರೆ ಸುಗುಣಿಯಾದ ಅರಸ ದೊರೆತುದು ನಾಡಿನ ಭಾಗ್ಯ. ಅದು ವ್ಯವಸ್ಥೆಯ ಗುಣವಲ್ಲ. ಮುಮ್ಮಡಿಯವರನ್ನು ಆರಿಸದ ಪ್ರಜೆ ನಾಲ್ವಡಿಯವರನ್ನೂ ಆರಿಸಲಿಲ್ಲ. ದಿವಾನನು ಕೊನೆಯವರೆಗೂ ಅರಸನಿಗೆ ಹೊಣೆಯಾಗಿದ್ದನೇ ಹೊರತು ಪ್ರಜೆಗಳಿಗಲ್ಲ. ಆದ್ದರಿಂದಲೇ ಭಾರತ ಸ್ವತಂತ್ರವಾದ ಮೇಲೂ ೧೯೪೭ರ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ನಡೆಯಬೇಕಾಯಿತು. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಾಗ ಲೆಕ್ಕದ ಪುಸ್ತಕ ಪ್ರಜೆಗಳ ಕೈಗೆ ಬಂದಿತು.

ಮುಂದೆ ಉಳಿದುದು ರಾಜಧನ. ಜಯಚಾಮರಾಜ ಒಡೆಯರಿಗೆ ವರ್ಷಕ್ಕೆ ೨೬ ಲಕ್ಷ ರೂಪಾಯಿ ನಿಗದಿಯಾಯಿತು. ರಾಜ್ಯಗಳನ್ನು ಒಪ್ಪಿಸಿದ ಅರಸರಿಗೆ ಕೊಟ್ಟ ಈ ವಚನವನ್ನು ಸರ್ದಾರ್ ಪಟೇಲರು ಸಂವಿಧಾನಸಭೆಯಲ್ಲಿ ಸಮರ್ಥಿಸಿದರು. ಅದು ಸಂವಿಧಾನದ ೨೯೧ ಮತ್ತು ೩೬೨ನೆಯ ವಿಧಿಗಳಾಯಿತು. ೧೯೭೦ರಲ್ಲಿ ದೇಶದ ಎಲ್ಲ ರಾಜಧನಗಳ ಮೊತ್ತ ಐದು ಕೋಟಿಗೆ ತುಸು ಕಡಿಮೆ. ಅಂದಿನ ಜನಸಂಖ್ಯೆಗೆ ಹಂಚಿದರೆ ತಲೆಗೆ ಒಂಬತ್ತು ಪೈಸೆ. ಪ್ರಶ್ನೆ ಹಣದ್ದಾಗಿದ್ದರೆ ಇಷ್ಟಕ್ಕೆ ಸಂವಿಧಾನವನ್ನು ತಿದ್ದಬೇಕಾಗಿರಲಿಲ್ಲ. ಜನ್ಮಮಾತ್ರದಿಂದ ಒಬ್ಬನಿಗೆ ದುಡಿಮೆಯಿಲ್ಲದ ಆದಾಯವೂ ವಿಶೇಷ ಹಕ್ಕುಗಳೂ ಸಲ್ಲಬೇಕೆ ಎಂಬುದೇ ನಿಜವಾದ ಪ್ರಶ್ನೆ. ಕುಲದ ಹಿರಿಮೆಯನ್ನು ತಿರಸ್ಕರಿಸಿ ಕಾಯಕವನ್ನು ಎತ್ತಿಹಿಡಿದ ಶರಣಧರ್ಮದ ಅನುಯಾಯಿಗಳಿಗೆ ಇದರ ಉತ್ತರ ಕಠಿಣವಲ್ಲ.

ಉತ್ತರ ಸರಿಯಾಗಿದ್ದರೂ ಅನುಸರಿಸಿದ ಮೊದಲ ದಾರಿ ಸರಿಯಾಗಿರಲಿಲ್ಲ. ೧೯೭೦ರ ಸೆಪ್ಟೆಂಬರಿನಲ್ಲಿ ತಿದ್ದುಪಡಿಯ ಮಸೂದೆ ರಾಜ್ಯಸಭೆಯಲ್ಲಿ ಕೂದಲೆಳೆಯ ಅಂತರದಲ್ಲಿ ಬಿದ್ದುಹೋದಾಗ, ರಾಷ್ಟ್ರಪತಿಗಳ ಆಜ್ಞೆಯೊಂದರಿಂದಲೇ ಅರಸರ ಮಾನ್ಯತೆಯನ್ನು ಕಿತ್ತುಹಾಕಲಾಯಿತು. ಡಿಸೆಂಬರ್ ೧೫ರಂದು ಸರ್ವೋಚ್ಚ ನ್ಯಾಯಾಲಯ ಆ ಆಜ್ಞೆಯನ್ನು ರದ್ದುಗೊಳಿಸಿತು. ಅರಸೊತ್ತಿಗೆಯನ್ನು ಅರಸನಂತೆ ಆಜ್ಞೆ ಹೊರಡಿಸಿ ಕೊನೆಗಾಣಿಸಲು ಹೊರಟುದು ವಿಪರ್ಯಾಸ. ಮರುವರ್ಷ ಸಂಸತ್ತು ೨೬ನೆಯ ತಿದ್ದುಪಡಿಯನ್ನು ಕ್ರಮಬದ್ಧವಾಗಿ ಅಂಗೀಕರಿಸಿತು; ೧೯೭೧ರ ಡಿಸೆಂಬರ್ ೨೮ರಂದು ಅದು ಜಾರಿಗೆ ಬಂದಿತು. ೧೯೯೩ರಲ್ಲಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆದರೂ ಕೊಟ್ಟ ಮಾತನ್ನು ರಾಷ್ಟ್ರವು ಹಿಂತೆಗೆದುಕೊಂಡಿತೆಂಬ ಆಕ್ಷೇಪ ಪೂರ್ಣವಾಗಿ ಅಳಿದಿಲ್ಲ. ವಚನಭಂಗಕ್ಕೂ ಬೆಲೆಯುಂಟು. ಒಂಬತ್ತು ಪೈಸೆಯ ಪಕ್ಕದಲ್ಲಿ ಅದನ್ನೂ ಬರೆದಿಡುವುದು ಪ್ರಾಮಾಣಿಕತೆ.

ಇಂದು ಮೈಸೂರಿನ ದಸರೆಯಲ್ಲಿ ಅಂಬಾರಿಯ ಮೇಲೆ ಅರಸರ ಸ್ಥಾನದಲ್ಲಿ ಚಾಮುಂಡೇಶ್ವರಿಯ ಮೂರ್ತಿ ಸಾಗುತ್ತದೆ. ಹಬ್ಬ ಉಳಿದಿದೆ, ಅಭಿಮಾನ ಉಳಿದಿದೆ, ಆಳ್ವಿಕೆ ಮುಗಿದಿದೆ. ನಾಲ್ಕು ಅವಸ್ಥೆಗಳ ಈ ಚರಿತ್ರೆಯಿಂದ ತಿಳಿಯುವುದು ಇಷ್ಟು: ಲೆಕ್ಕ ಕೊಡದ ಪೀಠ ಎಷ್ಟು ಅಗ್ಗವಾಗಿ ಕಂಡರೂ ದುಬಾರಿ, ಲೆಕ್ಕ ಕೇಳಲು ಕಲಿತ ಪ್ರಜೆಗಳಿಗೆ ಅರಸನ ಅಗತ್ಯ ಉಳಿಯುವುದಿಲ್ಲ. ಈ ನಿಯಮ ರಾಜಪೀಠಕ್ಕೆ ಮಾತ್ರ ಸೀಮಿತವೆಂದು ತಿಳಿಯಬೇಕಾಗಿಲ್ಲ. ಮಂತ್ರಿಪೀಠಕ್ಕೂ, ಸಮಾಜದ ಧನದಿಂದ ದಾಸೋಹ ನಡೆಸುವ ಗುರುಪೀಠಕ್ಕೂ ಅದು ಸಮಾನವಾಗಿ ಅನ್ವಯಿಸುತ್ತದೆ. ಭಂಡಾರಿ ಬಸವಣ್ಣನವರು ಲೆಕ್ಕ ಒಪ್ಪಿಸಲು ಹಿಂಜರಿಯಲಿಲ್ಲ. ಅವರ ಹೆಸರನ್ನು ಹೇಳುವ ನಮಗೆ ಹಿಂಜರಿಯುವ ಅಧಿಕಾರ ಎಲ್ಲಿಂದ ಬರಬೇಕು?