ಕಾಂಗಾ, ಪ್ಯಾಂಟು, ಮಿನಿಸ್ಕರ್ಟು: ಆಫ್ರಿಕಾದ ಬಸ್‌ಸ್ಟ್ಯಾಂಡುಗಳಲ್ಲಿ ಹರಿದ ಬಟ್ಟೆಗಳ ಚರಿತ್ರೆ

ಪೋಸ್ಟ್ ಸ್ವಲ್ಪ ಉದ್ದ ಇದೆ, ಬಿಡುವು ಮಾಡಿಕೊಂಡು ಓದಿ.

"ಮೈ ತುಂಬಾ ಬಟ್ಟೆ ಹಾಕ್ಕೊಂಡು ಹೋದ್ರೆ ಯಾರು ಯಾಕೆ ತಂಟೆಗೆ ಬರ್ತಾರೆ?" ಈ ಪ್ರಶ್ನೆ ನಮ್ಮ ಅರಳಿಕಟ್ಟೆಗಳ ಸ್ವತ್ತು ಅಂದುಕೊಂಡಿದ್ದರೆ ತಪ್ಪು. ನೈರೋಬಿಯಲ್ಲಿ, ಜೊಹಾನ್ಸ್‌ಬರ್ಗಿನಲ್ಲಿ, ಕಂಪಾಲಾದಲ್ಲಿ ಇದೇ ಪ್ರಶ್ನೆ ಕೇಳಿದ್ದಾರೆ, ಕೇಳುತ್ತಲೇ ಹೆಂಗಸರ ಬಟ್ಟೆ ಹರಿದಿದ್ದಾರೆ. ನಮ್ಮಲ್ಲಿ ಬಹಳ ಜನಕ್ಕೆ ಆಫ್ರಿಕಾ ಅಂದರೆ ಅರೆಬೆತ್ತಲೆ ಜನ, ಬಟ್ಟೆಯ ಗೊಡವೆಯೇ ಇಲ್ಲದ ನಾಡು. ಟಿವಿಯಲ್ಲಿ ನೋಡಿದ್ದು ಅಷ್ಟೇ. ಆದರೆ ಆ ಖಂಡದ ಎಷ್ಟೋ ದೇಶಗಳಲ್ಲಿ ಹೆಂಗಸಿನ ಬಟ್ಟೆಗೆ ಕಾನೂನು ಮಾಡಿದ್ದಾರೆ, ಪೊಲೀಸರನ್ನು ಬಿಟ್ಟಿದ್ದಾರೆ, ಪುಂಡರ ಗುಂಪುಗಳಿಗೆ ಕಣ್ಸನ್ನೆ ಮಾಡಿದ್ದಾರೆ. ಪ್ರತಿ ಸಲ ಹೇಳಿದ ಕಾರಣ ಒಂದೇ: "ಇದು ನಮ್ಮ ಸಂಸ್ಕೃತಿ ಅಲ್ಲ."

ಆ ಸಂಸ್ಕೃತಿಯ ವಯಸ್ಸೆಷ್ಟು ಅಂತ ನೋಡೋಣ.

ಜಾಂಜಿಬಾರ್ ದ್ವೀಪದಿಂದ ಶುರು ಮಾಡ್ತೀನಿ. ನಮ್ಮ ಜನಕ್ಕೆ ಅದು ಬೇಗ ಅರ್ಥವಾಗುತ್ತೆ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ ಅರಬ್ ಸುಲ್ತಾನರ ಆಳ್ವಿಕೆ. ಲವಂಗದ ತೋಟಗಳು, ತೋಟ ತುಂಬಾ ಗುಲಾಮರು. ಗುಲಾಮ ಹೆಂಗಸು ಉಡಬೇಕಾದದ್ದು ಒರಟು ಬಿಳಿ ಹತ್ತಿಬಟ್ಟೆ. ಅಮೆರಿಕದಿಂದ ಬರುತ್ತಿದ್ದುದರಿಂದ ಅದಕ್ಕೆ ಮೆರಿಕಾನಿ ಅಂತ ಹೆಸರು. ಇಲ್ಲವೇ ನೀಲಿಯಲ್ಲಿ ಅದ್ದಿದ ಕಪ್ಪು ಬಟ್ಟೆ ಕನಿಕಿ. ಅದನ್ನು ಎದೆಗೋ ಸೊಂಟಕ್ಕೋ ಸುತ್ತಿಕೊಳ್ಳಬೇಕು, ತಲೆ ಮುಚ್ಚಿಕೊಳ್ಳುವ ಹಾಗಿಲ್ಲ. ತಲೆ ಮುಚ್ಚೋದು ಒಡತಿಯರ ಮರ್ಯಾದೆಯ ಗುರುತು. ಬೀದಿಯಲ್ಲಿ ಹೋಗುವವಳನ್ನು ದೂರದಿಂದ ನೋಡಿದರೇ ಸಾಕು, ಯಾರ ಮನೆಯ ಆಳು, ಯಾರನ್ನು ಮುಟ್ಟಬಹುದು, ಯಾರನ್ನು ಮುಟ್ಟಬಾರದು ಅಂತ ಬಟ್ಟೆಯೇ ಹೇಳಬೇಕಿತ್ತು.

1897ರಲ್ಲಿ ಅಲ್ಲಿ ಗುಲಾಮಗಿರಿ ರದ್ದಾಯಿತು. ಬಿಡುಗಡೆಯಾದ ಹೆಂಗಸರು ಮೊದಲು ಬಿಸಾಡಿದ ವಸ್ತುಗಳಲ್ಲಿ ಆ ಕಪ್ಪು ಬಟ್ಟೆಯೂ ಒಂದು. ಬಣ್ಣಬಣ್ಣದ ಅಚ್ಚು ಹಾಕಿದ ಕಾಂಗಾ ಕೊಂಡರು. ಕಾಂಗಾ ಜೋಡಿಯಾಗಿ ಬರುವ ಬಟ್ಟೆ: ಒಂದನ್ನು ಉಡೋದು, ಇನ್ನೊಂದನ್ನು ತಲೆಗೆ, ಹೆಗಲಿಗೆ ಹೊದೆಯೋದು. ಮುಂದೆ ಬುಯಿಬುಯಿ ಅನ್ನುವ ಕಪ್ಪು ಮೇಲುಡುಪನ್ನೂ ಹಾಕಿಕೊಂಡರು. ಹೊರಗಿನಿಂದ ನೋಡಿದವರಿಗೆ ಅದು ಬರೀ ಧರ್ಮದ ಉಡುಗೆ. ಆದರೆ ನಿನ್ನೆಯವರೆಗೆ ತಲೆ ಮುಚ್ಚುವ ಹಕ್ಕೇ ಇಲ್ಲದವಳಿಗೆ ಅದು ಬೇರೆಯದೇ.

ಇದನ್ನು ಓದುವಾಗ ತಿರುವಾಂಕೂರಿನ ಚನ್ನಾರ್ ಹೆಂಗಸರು ನೆನಪಾಗದೆ ಇರ್ತಾರಾ? ಎದೆ ಮುಚ್ಚಿಕೊಂಡಿದ್ದಕ್ಕೆ ಅವರ ರವಿಕೆಗಳನ್ನು ಸಂತೆಬೀದಿಗಳಲ್ಲಿ ಹರಿದರು. ಕೊನೆಗೆ 1859ರಲ್ಲಿ ರಾಜ ಅನುಮತಿ ಕೊಟ್ಟ, ಕೊಡುವಾಗಲೂ ಮೇಲ್ಜಾತಿಯವರ ಹಾಗೆ ಉಡಬಾರದು ಅಂತ ಷರತ್ತು ಹಾಕಿದ. 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ನಮ್ಮ ಹೆಂಗಸರಿಗೆ ಸೀರೆಯನ್ನು ಪಾದ ಮುಟ್ಟುವಂತೆ ಉಡಿ, ಜಾತಿ ಗುರುತಿಸುವ ಆ ಭಾರದ ಒಡವೆಗಳನ್ನು ಬಿಡಿ ಅಂತ ಹೇಳಿದ್ದು ಇದೇ ಕಾರಣಕ್ಕೆ. ಜಾಂಜಿಬಾರಿನ ಹೆಂಗಸರಿಗೆ ಅದನ್ನು ಬಿಡಿಸಿ ಹೇಳುವ ಅಗತ್ಯ ಬೀಳುತ್ತಿರಲಿಲ್ಲ.

ಇನ್ನು ಒಳನಾಡಿಗೆ ಮಿಷನರಿಗಳು ಬಂದರು. ಕ್ರಿಸ್ತನ ಜೊತೆಗೆ ಉದ್ದ ಗೌನನ್ನೂ ತಂದರು. ಉಗಾಂಡಾದಲ್ಲಿ ಇವತ್ತು ಮದುವೆ, ಹಬ್ಬಕ್ಕೆಲ್ಲ ಹಾಕುವ "ಅಪ್ಪಟ ಸಾಂಪ್ರದಾಯಿಕ" ಉಡುಗೆ ಗೊಮೆಸಿ. ತೋಳು ಮೇಲೆದ್ದು ನಿಂತಿರುತ್ತೆ, ಸೊಂಟಕ್ಕೆ ಅಗಲ ಪಟ್ಟಿ. ಹೆಸರು ಎಲ್ಲಿಂದ ಬಂತು ಗೊತ್ತಾ? ನಮ್ಮ ಪಕ್ಕದ ಗೋವಾದಿಂದ ಹೋಗಿ ಅಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಗೋಮ್ಸ್ ಎಂಬ ದರ್ಜಿಯಿಂದ! ಇಪ್ಪತ್ತನೇ ಶತಮಾನದ ಆರಂಭದಲ್ಲಿ ಗಯಾಜಾದ ಮಿಷನ್ ಹೆಣ್ಮಕ್ಕಳ ಶಾಲೆಗಾಗಿ ರೂಪುಗೊಂಡ ಉಡುಪು ಅದು. ಪಶ್ಚಿಮ ಆಫ್ರಿಕಾದ ಹೆಮ್ಮೆಯ ಮೇಣದಚ್ಚಿನ ಬಟ್ಟೆಯ ಕಥೆಯೂ ಅಷ್ಟೇ. ಜಾವಾದ ಬಾಟಿಕ್ ನೋಡಿ ಡಚ್ಚರು ಗಿರಣಿಯಲ್ಲಿ ಮಾಡಿ ಮಾರಿದ್ದು. ತಪ್ಪೇನಿಲ್ಲ, ಜನ ಹಾಕಿಕೊಂಡ ಮೇಲೆ ಅದು ಜನರದ್ದೇ. ಆದರೆ ಇದನ್ನೇ ಸಾವಿರ ವರ್ಷದ ಸಂಪ್ರದಾಯ ಅಂತ ಹೇಳಿ ಇನ್ನೊಬ್ಬಳ ಸ್ಕರ್ಟ್ ಹರಿಯಲು ಹೊರಟರೆ ಸ್ವಲ್ಪ ಲೆಕ್ಕ ಕೇಳಬೇಕಾಗುತ್ತೆ.

ಈಗ 1968ರ ದಾರ್ ಎಸ್ ಸಲಾಮ್. ತಾಂಜಾನಿಯಾ ಸ್ವತಂತ್ರವಾಗಿ ಹತ್ತು ವರ್ಷವೂ ಆಗಿಲ್ಲ. ಹಿಂದಿನ ವರ್ಷ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಅರುಷಾ ಘೋಷಣೆ ಮಾಡಿ ಸಮಾಜವಾದದ ದಾರಿ ಹಿಡಿದಿದ್ದಾರೆ. ನಮ್ಮ ಎಡಪಂಥೀಯ ಗೆಳೆಯರಿಗೆ ನ್ಯೆರೆರೆ ಅಂದ್ರೆ ಪ್ರೀತಿ, ನನಗೂ ಗೌರವ ಇದೆ. ಆದರೆ ಅಕ್ಟೋಬರ್‌ನಲ್ಲಿ ಆಳುವ ಪಕ್ಷ ಟಾನುವಿನ ಯುವದಳ ಒಂದು ಠರಾವು ಮಾಡಿತು: 1969ರ ಜನವರಿ 1ರಿಂದ ಮಿನಿಸ್ಕರ್ಟ್, ವಿಗ್, ಮೈ ಬೆಳ್ಳಗೆ ಮಾಡುವ ಕ್ರೀಮು, ಬಿಗಿಯಾದ ಪ್ಯಾಂಟು ಎಲ್ಲಕ್ಕೂ ನಿಷೇಧ. ಹೆಸರು ಆಪರೇಷನ್ ವಿಜಾನಾ. ವಿಜಾನಾ ಅಂದರೆ ಯುವಕರು. ಹುಡುಗರು ಜನವರಿಯವರೆಗೆ ಕಾಯಲಿಲ್ಲ. ಠರಾವು ಬಂದ ಕೆಲವೇ ದಿನಗಳಲ್ಲಿ ಕರಿಯಾಕೂ ಮಾರುಕಟ್ಟೆಯ ಸುತ್ತಮುತ್ತ ಗುಂಪು ಕಟ್ಟಿ ಬಸ್‌ಗಳನ್ನು ನಿಲ್ಲಿಸಿದರು, ಹೆಂಗಸರನ್ನು ಎಳೆದು ಕೆಳಗಿಳಿಸಿದರು, ಹೊಡೆದರು, ಬಟ್ಟೆ ಹರಿದರು. ಪೊಲೀಸರು ಬರಬೇಕಾಯಿತು.

ಯಾಕೆ ಇಷ್ಟು ಸಿಟ್ಟು? ಇತಿಹಾಸಕಾರ ಆಂಡ್ರ್ಯೂ ಇವಾಸ್ಕಾ ಇದರ ಬಗ್ಗೆ ವಿವರವಾಗಿ ಬರೆದಿದ್ದಾರೆ. ಆ ಹೊತ್ತಿಗೆ ಹಳ್ಳಿ ಬಿಟ್ಟ ಹುಡುಗಿಯರು ಪಟ್ಟಣಕ್ಕೆ ಬಂದು ಟೈಪಿಸ್ಟ್, ಸೆಕ್ರೆಟರಿ ಕೆಲಸಗಳಿಗೆ ಸೇರುತ್ತಿದ್ದರು. ಕೈಯಲ್ಲಿ ಸಂಬಳ, ಸಂಜೆ ಸಿನಿಮಾ, ಮೊಣಕಾಲ ಮೇಲಿನ ಸ್ಕರ್ಟ್. ಅದೇ ಪಟ್ಟಣಕ್ಕೆ ಬಂದ ಹುಡುಗರಿಗೆ ಕೆಲಸ ಇಲ್ಲ. ಕಾರಿರುವ ದೊಡ್ಡ ಅಧಿಕಾರಿಗಳ ಜೊತೆ ಈ ಹುಡುಗಿಯರು ಓಡಾಡುತ್ತಾರೆ ಅನ್ನೋ ಹೊಟ್ಟೆಯುರಿ. ಅಧಿಕಾರಿಯ ಕಾರಿಗೆ ಕಲ್ಲು ಹೊಡೆಯೋಕೆ ಆಗುತ್ತಾ? ಬಸ್ಸಿನಲ್ಲಿ ನಿಂತಿರೋ ಹುಡುಗಿಯ ಸ್ಕರ್ಟ್ ಕೈಗೆ ಸಿಗುತ್ತೆ.

ತಮಾಷೆ ಅಂದರೆ, ಅದೇ ಸರ್ಕಾರ ಅದೇ ವರ್ಷಗಳಲ್ಲಿ ಇನ್ನೊಂದು ಕಾರ್ಯಾಚರಣೆ ನಡೆಸುತ್ತಿತ್ತು. ಮಸಾಯಿ ದನಗಾಹಿ ಜನರು ಮೈಗೆ ಕೆಂಪು ಮಣ್ಣು ಬಳಿದು ಒಂದು ಹೊದಿಕೆ ಸುತ್ತಿಕೊಳ್ಳುತ್ತಾರೆ, ದೇಶಕ್ಕೆ ಅವಮಾನ, ಎಲ್ಲರೂ ಪ್ಯಾಂಟು ಶರ್ಟು ಹಾಕಬೇಕು ಅಂತ! ಅಂದರೆ ಆಫ್ರಿಕನ್ ಬಟ್ಟೆ ಹಾಕಿದ ಮಸಾಯಿಯೂ ಅಪರಾಧಿ, ವಿದೇಶಿ ಬಟ್ಟೆ ಹಾಕಿದ ಟೈಪಿಸ್ಟೂ ಅಪರಾಧಿ. ಸೂಟು ಬೂಟು ಹಾಕಿದ ಮಂತ್ರಿಯನ್ನು ಮಾತ್ರ ಯಾರೂ ಕೇಳೋ ಹಾಗಿಲ್ಲ.

ಮಲಾವಿಯ ಹೇಸ್ಟಿಂಗ್ಸ್ ಬಾಂಡಾನಂತೂ ಕೇಳಲೇಬೇಡಿ. ತಾನು ಮೂರು ತುಂಡಿನ ಇಂಗ್ಲಿಷ್ ಸೂಟು, ತಲೆಗೆ ಹೋಂಬರ್ಗ್ ಟೋಪಿ. ಹೆಂಗಸರಿಗೆ ಮಾತ್ರ 1973ರಲ್ಲಿ ಕಾನೂನು: ಮೊಣಕಾಲು ಕಾಣಬಾರದು, ಪ್ಯಾಂಟು ಹಾಕಬಾರದು. ಉಗಾಂಡಾದಲ್ಲಿ ಅದಕ್ಕಿಂತ ಒಂದು ವರ್ಷ ಮೊದಲೇ ಇದಿ ಅಮೀನ್ ಮಿನಿಸ್ಕರ್ಟ್ ನಿಷೇಧಿಸಿದ್ದ. ಜನರನ್ನು ಕೊಂದು ನೈಲ್ ನದಿಗೆ ಎಸೆಸಿದ ಮನುಷ್ಯ ಹೆಣ್ಣುಮಕ್ಕಳ ಮಾನದ ಕಾವಲುಗಾರ.

ಇಲ್ಲೊಂದು ಸಂಗತಿ ಗಮನಿಸಿ. ಮಿನಿಸ್ಕರ್ಟ್ ಕಾಲು ತೋರಿಸುತ್ತೆ ಅಂತ ತಪ್ಪು. ಸರಿ. ಪ್ಯಾಂಟು ಪಾದದವರೆಗೆ ಮುಚ್ಚುತ್ತಲ್ಲ, ಅದೂ ಯಾಕೆ ತಪ್ಪು? 2007ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ ಪಕ್ಕದ ಉಮ್ಲಾಜಿಯಲ್ಲಿ ಪ್ಯಾಂಟು ಹಾಕಿದ್ದಕ್ಕೆ ಒಬ್ಬ ಹೆಂಗಸನ್ನು ಬೆತ್ತಲೆ ನಡೆಸಿದರು, ಅವಳ ಗುಡಿಸಲಿಗೆ ಬೆಂಕಿ ಇಟ್ಟರು. 2009ರಲ್ಲಿ ಸುಡಾನಿನ ಪತ್ರಕರ್ತೆ ಲುಬ್ನಾ ಹುಸೇನ್ ಅವರನ್ನು ಪ್ಯಾಂಟು ಹಾಕಿದ ತಪ್ಪಿಗೇ ಹಿಡಿದರು. ಆ ಕಾನೂನಿನಲ್ಲಿ 40 ಛಡಿಯೇಟಿನವರೆಗೆ ಶಿಕ್ಷೆ ಇತ್ತು. ಅವರ ಜೊತೆ ಸಿಕ್ಕಿಬಿದ್ದು ತಪ್ಪೊಪ್ಪಿಕೊಂಡ ಹೆಂಗಸರಿಗೆ ತಲಾ ಹತ್ತು ಏಟು ಬಿತ್ತು. ಲುಬ್ನಾ ವಿಶ್ವಸಂಸ್ಥೆಯಲ್ಲಿ ಕೆಲಸದಲ್ಲಿದ್ದರು, ಆ ರಕ್ಷಣೆ ಬಳಸಿ ಪಾರಾಗಬಹುದಿತ್ತು. ರಾಜೀನಾಮೆ ಕೊಟ್ಟು ವಿಚಾರಣೆ ಎದುರಿಸಿದರು. ದಂಡ ಕಟ್ಟಲ್ಲ ಅಂತ ಜೈಲಿಗೂ ಹೋದರು.

ಇನ್ನು ಕಾಂಗಾ. ಮೊದಲು ಹೇಳಿದೆನಲ್ಲ, ಬಿಡುಗಡೆಯ ಬಟ್ಟೆ, "ನಮ್ಮ ಸಂಸ್ಕೃತಿ"ಯವರೂ ಒಪ್ಪುವ ಬಟ್ಟೆ. 2006ರಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಜೇಕಬ್ ಜುಮಾ ಮೇಲೆ ಅತ್ಯಾಚಾರದ ಮೊಕದ್ದಮೆ ನಡೆಯಿತು. ದೂರು ಕೊಟ್ಟವಳು ಆ ರಾತ್ರಿ ಉಟ್ಟಿದ್ದು ಕಾಂಗಾ. ಅದೇ ಆಹ್ವಾನ ಅನ್ನೋ ಹಾಗೆ ನ್ಯಾಯಾಲಯದಲ್ಲಿ ಚರ್ಚೆಯಾಯಿತು. ಅವಳು ಮೊಣಕಾಲುದ್ದದ ಸ್ಕರ್ಟ್ ಹಾಕಿದ್ದಳು, ಹೀಗೆ ಕೂತಿದ್ದಳು ಅನ್ನೋದನ್ನೂ ಜುಮಾ ಸೂಚನೆಯಾಗಿ ಹೇಳಿದರು. ಹೊರಗೆ ಬೆಂಬಲಿಗರು ಅವಳ ಚಿತ್ರ ಸುಟ್ಟರು. ಜುಮಾ ಖುಲಾಸೆಯಾದರು, ಮೂರು ವರ್ಷಕ್ಕೆ ರಾಷ್ಟ್ರಾಧ್ಯಕ್ಷರೂ ಆದರು. ಆ ಹೆಂಗಸು ದೇಶ ಬಿಟ್ಟಳು.

ಗಿಡ್ಡ ಸ್ಕರ್ಟ್ ತಪ್ಪು, ಉದ್ದ ಪ್ಯಾಂಟ್ ತಪ್ಪು, ಸಾಂಪ್ರದಾಯಿಕ ಕಾಂಗಾನೂ ತಪ್ಪು. ಟೇಪು ಹಿಡಿದು ಯಾವ ಬಟ್ಟೆ ಅಳೆದು ಕೊಡ್ತೀರಿ ಈಗ?

ಸರ್ವಾಧಿಕಾರಿಗಳು ಹೋದರು, ಅವರ ಕಾನೂನುಗಳೂ ಹೋದವು, ಬಸ್‌ಸ್ಟ್ಯಾಂಡಿನ ಗುಂಪು ಉಳಿಯಿತು. 2008ರ ಫೆಬ್ರವರಿಯಲ್ಲಿ ಜೊಹಾನ್ಸ್‌ಬರ್ಗಿನ ನೂರ್ಡ್ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಮಿನಿಸ್ಕರ್ಟ್ ಹಾಕಿದ್ದ ಯುವತಿಯನ್ನು ಚಾಲಕರು, ವ್ಯಾಪಾರಿಗಳು ಸೇರಿ ಬೆತ್ತಲೆ ಮಾಡಿ ಹಿಂಸಿಸಿದರು. 2012ರ ಜನವರಿಯಲ್ಲಿ ಮಲಾವಿಯ ಲಿಲೊಂಗ್ವೆ ಮುಂತಾದ ಊರುಗಳಲ್ಲಿ ಬೀದಿ ವ್ಯಾಪಾರಿಗಳು ಪ್ಯಾಂಟು ಹಾಕಿದವರ ಬಟ್ಟೆ ಬಿಚ್ಚಿದರು. ಬಾಂಡಾನ ಕಾನೂನು ರದ್ದಾಗಿ ಸುಮಾರು ಇಪ್ಪತ್ತು ವರ್ಷವಾಗಿತ್ತು! ಆಗ ದೇಶದಲ್ಲಿ ಪೆಟ್ರೋಲ್ ಇಲ್ಲ, ವಿದೇಶಿ ವಿನಿಮಯ ಇಲ್ಲ, ವ್ಯಾಪಾರ ಬಿದ್ದಿತ್ತು. ಅಧ್ಯಕ್ಷರೇ ಪ್ಯಾಂಟು ನಿಷೇಧಿಸಿದ್ದಾರೆ ಅಂತ ಗಾಳಿಸುದ್ದಿ ಹಬ್ಬಿ, ಅಧ್ಯಕ್ಷ ಮುಥಾರಿಕಾ ನಾನು ಹಾಗೆ ಹೇಳಿಲ್ಲ ಅಂತ ಸ್ಪಷ್ಟನೆ ಕೊಡಬೇಕಾಯಿತು.

ಉಗಾಂಡಾದ ಕಥೆ ಇದಕ್ಕೂ ವಿಚಿತ್ರ. 2014ರ ಫೆಬ್ರವರಿಯಲ್ಲಿ ಅಶ್ಲೀಲತೆ ವಿರೋಧಿ ಕಾಯ್ದೆಗೆ ಸಹಿ ಬಿತ್ತು. ಕಾಯ್ದೆಯಲ್ಲಿ ಮಿನಿಸ್ಕರ್ಟ್ ಅನ್ನೋ ಪದವೇ ಇಲ್ಲ. ಆದರೆ ನೀತಿ ಖಾತೆ ಮಂತ್ರಿ ಸೈಮನ್ ಲೊಕೊಡೊ ಅದಕ್ಕೂ ಮೊದಲು ಆಡಿದ ಮಾತುಗಳಿಂದ ಜನರ ಬಾಯಲ್ಲಿ ಅದು ಮಿನಿಸ್ಕರ್ಟ್ ಕಾನೂನು ಆಗಿಹೋಗಿತ್ತು. ಸಹಿಯ ಬೆನ್ನಲ್ಲೇ ಬೀದಿಯಲ್ಲಿ ಗುಂಪುಗಳು ಹೆಂಗಸರ ಮೇಲೆ ಬಿದ್ದವು. ಮೇಲಿರುವವನು ಮಾತಾಡಿದರೆ ಸಾಕು, ಕೆಳಗಿರುವವನು ಕೈ ಎತ್ತುತ್ತಾನೆ. ಆ ಕಾಯ್ದೆಯ ಮುಖ್ಯ ಕಲಮುಗಳನ್ನು ಸಂವಿಧಾನ ನ್ಯಾಯಾಲಯ ಹೊಡೆದುಹಾಕಲು 2021 ಬರಬೇಕಾಯಿತು.

ಈ ಎಲ್ಲ ಘಟನೆಗಳ ಜಾಗ ನೋಡಿ: ಟ್ಯಾಕ್ಸಿ ಸ್ಟ್ಯಾಂಡು, ಬಸ್‌ಸ್ಟ್ಯಾಂಡು, ಸಂತೆ. ಸ್ವಂತ ಕಾರಿನ ಹೆಂಗಸು ಎಷ್ಟು ಗಿಡ್ಡ ಬಟ್ಟೆ ಹಾಕಿದರೂ ಈ ಗುಂಪಿನ ಕೈಗೆ ಸಿಗಲ್ಲ. ಸಿಕ್ಕವರು ಕೂಲಿಗೆ, ಅಂಗಡಿ ಕೆಲಸಕ್ಕೆ, ಕಾಲೇಜಿಗೆ ಬಸ್ಸಿನಲ್ಲಿ ಹೋಗುವವರು. ಹರಿದವರೂ ಬಡವರೇ, ಹೌದು. ತಮ್ಮ ಮೇಲಿನವರನ್ನು ಮುಟ್ಟಲಾಗದವರು ತಮಗಿಂತ ಕೆಳಗೆ ಒಬ್ಬರನ್ನು ಹುಡುಕಿಕೊಳ್ಳೋದು ನಮಗೆ ಹೊಸದಾ? ಬಾಬಾಸಾಹೇಬರು ಜಾತಿಯನ್ನು ಮೆಟ್ಟಿಲು ಮೆಟ್ಟಿಲಾದ ಅಸಮಾನತೆ ಅಂದರಲ್ಲ.

ಆದರೆ ಹೆಂಗಸರು ಸುಮ್ಮನೆ ಕೂರಲಿಲ್ಲ. ನೂರ್ಡ್ ಘಟನೆಯ ನಂತರ ಮಿನಿಸ್ಕರ್ಟ್ ಹಾಕಿಕೊಂಡೇ ಅದೇ ಸ್ಟ್ಯಾಂಡಿಗೆ ಮೆರವಣಿಗೆ ಹೋದರು. ಮಲಾವಿಯಲ್ಲಿ ಪ್ಯಾಂಟು ಹಾಕಿ ಬೀದಿಗಿಳಿದರು. 2014ರ ನವೆಂಬರ್‌ನಲ್ಲಿ ನೈರೋಬಿಯ ಮಟಾಟು ನಿಲ್ದಾಣದಲ್ಲಿ ಒಬ್ಬಳನ್ನು ಬೆತ್ತಲೆ ಮಾಡಿದ ವಿಡಿಯೋ ಹರಿದಾಡಿತು. ಮಟಾಟು ಅಂದರೆ ನಮ್ಮ ಮ್ಯಾಕ್ಸಿಕ್ಯಾಬ್ ಥರ. 17ನೇ ತಾರೀಖು "ನನ್ನ ಉಡುಪು ನನ್ನ ಆಯ್ಕೆ" ಅಂತ ನೂರಾರು ಜನ ಉಹುರು ಪಾರ್ಕಿನಿಂದ ಹೊರಟರು. ಎದುರಾಳಿಗಳು "ಬೆತ್ತಲೆತನ ನನ್ನ ಆಯ್ಕೆಯಲ್ಲ" ಅಂತ ಹ್ಯಾಶ್‌ಟ್ಯಾಗ್ ಮಾಡಿದರು. ಬೆತ್ತಲೆ ಮಾಡಿದವರ ಪರ ನಿಂತು ಆಡಿದ ಮಾತು ಅದು, ನೋಡಿ!

ಆ ಉಹುರು ಪಾರ್ಕಿಗೂ ಒಂದು ನೆನಪಿದೆ. 1992ರಲ್ಲಿ ರಾಜಕೀಯ ಕೈದಿಗಳ ತಾಯಂದಿರು ಮಕ್ಕಳ ಬಿಡುಗಡೆಗೆ ಅಲ್ಲಿ ಉಪವಾಸ ಕೂತಿದ್ದರು, ವಂಗಾರಿ ಮಾಥಾಯ್ ಕೂಡ ಜೊತೆಗಿದ್ದರು. ಪೊಲೀಸರು ಲಾಠಿ ಬೀಸಿದಾಗ ಆ ಮುದುಕಿಯರು ತಾವೇ ಬಟ್ಟೆ ಕಳಚಿ ನಿಂತರು. ಹೆತ್ತವ್ವನ ವಯಸ್ಸಿನವಳು ಹಾಗೆ ನಿಂತರೆ ಅಲ್ಲಿ ಅದು ಶಾಪ. ಅದೇ ಮೈ, ಅದೇ ಬೆತ್ತಲೆ. ನಿರ್ಧಾರ ಅವರದ್ದು.

2014 ಮುಗಿಯುವುದರೊಳಗೆ ಕೀನ್ಯಾ ದಂಡಸಂಹಿತೆಗೆ ಹೊಸ ಕಲಮು ಸೇರಿಸಿತು: ಬಲವಂತವಾಗಿ ಬಟ್ಟೆ ಬಿಚ್ಚಿದರೆ ಕನಿಷ್ಠ 10 ವರ್ಷ ಸೆರೆ. ಸುಡಾನಿನಲ್ಲಿ 2019ರ ಕ್ರಾಂತಿಯ ಮುಂಚೂಣಿಯಲ್ಲಿ ಹೆಂಗಸರಿದ್ದರು, ಆ ನವೆಂಬರ್‌ನಲ್ಲಿ ಸಾರ್ವಜನಿಕ ಶಿಸ್ತಿನ ಕಾನೂನು ರದ್ದಾಯಿತು.

ಇದೆಲ್ಲ ದೂರದ ಕಥೆ ಅನ್ನೋರಿಗೆ ಒಂದು ತಾರೀಖು ನೆನಪಿಸ್ತೀನಿ. 2016ರ ಜನವರಿ 31, ಬೆಂಗಳೂರು, ಹೆಸರಘಟ್ಟ ಕಡೆ. ಸುಡಾನಿನವನೊಬ್ಬನ ಕಾರು ಡಿಕ್ಕಿ ಹೊಡೆದು ಒಬ್ಬ ಮಹಿಳೆ ಸತ್ತಳು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಗೆ ಆ ಅಪಘಾತಕ್ಕೂ ತನಗೂ ಯಾವ ಸಂಬಂಧವೂ ಇರಲಿಲ್ಲ. ಮೈಬಣ್ಣ ಒಂದೇ ಇತ್ತು. ಗುಂಪು ಅವಳ ಕಾರಿಗೆ ಬೆಂಕಿ ಹಚ್ಚಿತು, ಅವಳನ್ನು ಹೊಡೆಯಿತು, ಅಂಗಿ ಹರಿಯಿತು. ಆಮೇಲೆ ನಮ್ಮಲ್ಲಿ ವಾರಗಟ್ಟಲೆ ನಡೆದ ಚರ್ಚೆ ಏನು ಗೊತ್ತಾ? ಅವಳನ್ನು ಪೂರ್ತಿ ಬೆತ್ತಲೆ ಮಾಡಿದರೋ, ಮೇಲಂಗಿ ಮಾತ್ರ ಹರಿದರೋ ಅಂತ. ಹೊಡೆತ ತಪ್ಪಿಸಿಕೊಳ್ಳಲು ಅವಳು ಅಲ್ಲಿ ಬಂದ ಬಸ್ ಹತ್ತಲು ನೋಡಿದ್ದಳು. ಒಳಗಿದ್ದವರು ಅವಳನ್ನು ವಾಪಸ್ ಕೆಳಗೆ ತಳ್ಳಿದರು.